ಮೊದಲ ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕಿ: ಪಿಯುಸಿ ನಂತರ ಕೋರ್ಸು, ಫೀಸು, ಸಾಲ

ಪಿಯುಸಿ ರಿಸಲ್ಟ್ ಬಂದಾಗಿನಿಂದ ಸಿಇಟಿ ಸೀಟು ಹಂಚಿಕೆ ಮುಗಿಯುವವರೆಗೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ ಕ್ರಮ. ಮೊದಲು ಕಾಲೇಜಿನ ಹೆಸರು ಗಟ್ಟಿಯಾಗುತ್ತದೆ. ಆಮೇಲೆ ಬ್ರಾಂಚು. ಫೀಸು ಕಟ್ಟಲು ಮೂರು ದಿನ ಬಾಕಿ ಇದೆ ಅನ್ನುವಾಗ ದುಡ್ಡಿನ ಮಾತು. ಆಗ ಬ್ಯಾಂಕಿಗೆ ಓಡಿದರೆ ಏನೂ ಆಗುವುದಿಲ್ಲ. ಕೊನೆಗೆ ಕೈಸಾಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಸಣ್ಣದಾಗಿ ಕೇಳುತ್ತದೆ, ಅಲ್ವಾ? ವರ್ಷಕ್ಕೆ ಅದು ಶೇ 36.

ಕೆಲಸ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಈ ಉಲ್ಟಾ ಕ್ರಮವೂ ಹೇಗೋ ನಡೆದುಹೋಗುತ್ತಿತ್ತು. ಈಗ ನಡೆಯುವುದಿಲ್ಲ. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ ಸುಮಾರು 12 ಸಾವಿರ ಹುದ್ದೆ ಕಡಿತ ಮಾಡುವುದಾಗಿ ಹೇಳಿತು. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಫೀಸು ಮಾತ್ರ ನಿಂತಿಲ್ಲ. ಅದಕ್ಕೇ ನಾನು ಹೇಳುವ ಕ್ರಮ ಬೇರೆ: ಮೊದಲ ಸಂಬಳ ಎಷ್ಟಿರಬಹುದು, ಅದರಲ್ಲಿ ಎಷ್ಟು ಕಂತು ಕಟ್ಟಬಹುದು, ಆ ಕಂತಿಗೆ ಎಷ್ಟು ಸಾಲ, ಆ ಸಾಲಕ್ಕೆ ಯಾವ ಸೀಟು. ಕಾಲೇಜಿನ ಹೆಸರು ಕೊನೆಗೆ.

1. ಒಂದು ಹಾಳೆಯಲ್ಲಿ ಮನೆಯ ಲೆಕ್ಕ

ಒಂದು ವರ್ಷದ ಫೀಸಲ್ಲ, ಕೋರ್ಸು ಮುಗಿಯುವವರೆಗಿನ ಖರ್ಚು ಬರೆಯಿರಿ. ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಬಸ್ ಪಾಸ್, ಲ್ಯಾಪ್‌ಟಾಪ್, ಎಲ್ಲವೂ ಬರಲಿ. ಎಲ್ಲರೂ ಮರೆಯುವುದು ಊಟ, ವಸತಿ. ಬೆಂಗಳೂರಿನ ಪಿ.ಜಿ.ಯಲ್ಲಿ ತಿಂಗಳಿಗೆ 8 ಸಾವಿರ ಹಿಡಿದರೂ, ವರ್ಷಕ್ಕೆ ಹತ್ತು ತಿಂಗಳಂತೆ ನಾಲ್ಕು ವರ್ಷಕ್ಕೆ 3.2 ಲಕ್ಷ. ಮನೆಯಿಂದಲೇ ಓಡಾಡಬಹುದಾದ ಜಿಲ್ಲಾ ಕೇಂದ್ರದ ಕಾಲೇಜು ಸಿಕ್ಕರೆ ಈ ದುಡ್ಡು ಪೂರ್ತಿ ಉಳಿಯಿತು. ತಂಗಿಯ ಓದಿಗೆಂದು ಹಾಕಿದ ಚೀಟಿ ದುಡ್ಡನ್ನು ಈ ಹಾಳೆಯಲ್ಲಿ ಸೇರಿಸಬೇಡಿ.

2. ಕೆಲಸ ಎಲ್ಲಿದೆ ಎಂದು ವಿಚಾರಿಸಿ

ಹೆದ್ದಾರಿ ಪಕ್ಕದ ಹೋರ್ಡಿಂಗ್ ನೋಡಬೇಡಿ. ಅದರಲ್ಲಿರುವುದು ಒಬ್ಬ ಹುಡುಗನ ಪ್ಯಾಕೇಜು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ತಾವು ಕೊಟ್ಟ ಮಾಹಿತಿಯ ಪಿಡಿಎಫ್ ಅನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಅದರಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು ಎಂದು ವರ್ಷವಾರು ಇರುತ್ತದೆ. ಮೀಡಿಯನ್ ಅಂದರೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವವನ ಸಂಬಳ. ನಿಮ್ಮ ಮಗನೋ ಮಗಳೋ ಆ ನಡುವಿನವರು ಎಂದುಕೊಂಡೇ ಲೆಕ್ಕ ಮಾಡಿ. ಜೊತೆಗೆ ಆ ಬ್ರಾಂಚಿನಲ್ಲಿ ಎರಡು ವರ್ಷದ ಹಿಂದೆ ಪಾಸಾದ ಮೂರು ಜನರಿಗೆ ಫೋನ್ ಮಾಡಿ. ಟಾಪರ್ ಬೇಡ, ಸಾಮಾನ್ಯ ಅಂಕದವರು ಸಾಕು.

ಕಂಪ್ಯೂಟರ್ ಸೈನ್ಸ್ ಬೇಡ ಅನ್ನುತ್ತಿಲ್ಲ. ಸಿಇಟಿ ಫೀಸಿನಲ್ಲಿ ಸಿಕ್ಕರೆ ಖಂಡಿತ ತಗೊಳ್ಳಿ. ಆದರೆ ಜಮೀನು ಮಾರಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ತಗೊಳ್ಳುವ ಕೋರ್ಸು ಅದಲ್ಲ. ಅದರ ಬದಲು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ನನ್ನ ಆಯ್ಕೆ. ಹಾಸನ, ಹಾವೇರಿ, ರಾಮನಗರ, ಚಾಮರಾಜನಗರ, ಕಾರವಾರ, ಎಲ್ಲ ಕಡೆ ಇವೆ. ಬಿ.ಎಸ್‌ಸಿ ನರ್ಸಿಂಗ್ ಕಡೆಗೆ ಮೂಗು ಮುರಿಯುವವರು ಇನ್ನೂ ಇದ್ದಾರೆ, ಯಾಕೋ ಗೊತ್ತಿಲ್ಲ. ಸಿ.ಎ. ಓದಿಗೆ ಖರ್ಚು ಕಡಿಮೆ, ಆರ್ಟಿಕಲ್‌ಶಿಪ್‌ನಲ್ಲಿ (ಸಿ.ಎ. ಒಬ್ಬರ ಬಳಿ ಮಾಡುವ ತರಬೇತಿ) ಒಂದಿಷ್ಟು ಸ್ಟೈಪೆಂಡೂ ಬರುತ್ತದೆ. ಪಾಸಾಗುವುದು ಕಷ್ಟ, ಅದನ್ನೂ ಹೇಳಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿದ್ದರೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ವಿಚಾರಿಸಿ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಸಹಿತ ತರಬೇತಿ. ಕಾರ್ಖಾನೆಯವರು ಈ ಮಕ್ಕಳನ್ನು ಹುಡುಕಿಕೊಂಡು ಬರುತ್ತಾರೆ. ಡಿಪ್ಲೊಮಾ ಮಾಡಿದವರು ಮುಂದೆ ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರಬಹುದು. ಒಂದು ವರ್ಷದ ಫೀಸು ಹಾಗೇ ಉಳಿಯಿತು.

ಇಲ್ಲೇ ಒಂದು ಎಚ್ಚರಿಕೆ. ‘ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಅನ್ನುವ ಕೋರ್ಸುಗಳು ಕಂತಿನಲ್ಲಿ ಕಟ್ಟಿ ಅನ್ನುತ್ತವೆ. ಆ ಕಂತು ಹಲವು ಸಲ ಯಾವುದೋ ಫೈನಾನ್ಸ್ ಕಂಪನಿಯಿಂದ ಅಪ್ಪನ ಹೆಸರಿನಲ್ಲಿ ಎತ್ತಿದ ಸಾಲವಾಗಿರುತ್ತದೆ. ಕೋರ್ಸು ಬಿಟ್ಟರೂ ಸಾಲ ಬಿಡುವುದಿಲ್ಲ. ಫೋನಿಗೆ ಬಂದ ಒಟಿಪಿಯನ್ನು ಕೌನ್ಸೆಲರ್‌ಗೆ ಹೇಳಿದಿರೋ, ಮುಗಿಯಿತು.

3. ಕಾಗದಪತ್ರ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು ಒಂದೇ ಥರ ಇರಲಿ, ಇನಿಷಿಯಲ್ ಸಮೇತ. ಸಿಇಟಿ ಅರ್ಜಿ ಹಾಕುವ ಮೊದಲೇ ಇದೆಲ್ಲ ಮುಗಿದಿರಬೇಕು.

4. ಆಪ್ಷನ್ ಎಂಟ್ರಿ

ಕಳೆದ ವರ್ಷದ ಕಟ್‌ಆಫ್ ನೋಡಿ ಹೆದರಿ ಕಾಲೇಜು, ಬ್ರಾಂಚುಗಳ ಆದ್ಯತೆಯ ಪಟ್ಟಿ ಮಾಡಬೇಡಿ. ನಿಮಗೆ ಯಾವುದು ಹೆಚ್ಚು ಬೇಕೋ ಅದು ಮೇಲೆ. ಆದರೆ ಒಂದನೇ ಹಂತದ ಹಾಳೆ ಪಕ್ಕದಲ್ಲಿ ಇಟ್ಟುಕೊಂಡು ಕೂರಿ. ಖರ್ಚು ಕೈಮೀರುವ ಕಾಲೇಜು ಪಟ್ಟಿಯಲ್ಲೇ ಬೇಡ. ‘ಹೇಗೂ ಸಿಗಲ್ಲ, ಸುಮ್ನೆ ಇರಲಿ’ ಎಂದು ಬೆಂಗಳೂರಿನ ದೊಡ್ಡ ಹೆಸರನ್ನು ಮೇಲೆ ಹಾಕುವವರು ಬಹಳ. ಮೊದಲ ಸುತ್ತಿನಲ್ಲಿ ಮನೆ ಹತ್ತಿರದ ಕಾಲೇಜು ಸಿಗುತ್ತದೆ. ‘ಇರಲಿ, ಇನ್ನೂ ಒಳ್ಳೆಯದು ಬಂದರೆ ನೋಡೋಣ’ ಎಂದು ಚಾಯ್ಸ್ 2 (ಸಿಕ್ಕ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೂ ಹೋಗುವುದು) ಒತ್ತುತ್ತಾರೆ. ಮುಂದಿನ ಸುತ್ತಿನಲ್ಲಿ ಆ ದೊಡ್ಡ ಹೆಸರೇ ಸಿಕ್ಕಿಬಿಡುತ್ತದೆ, ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಕೂರುತ್ತಾರೆ.

ಸಿಕ್ಕ ಸೀಟು ಸಾಕು ಎನಿಸಿದರೆ ಚಾಯ್ಸ್ 1, ಫೀಸು ಕಟ್ಟಿ ಸೇರಿಬಿಡಿ. ಸೀಟು ಬೇಡ, ಮುಂದಿನ ಸುತ್ತು ಬೇಕು ಅಂದರೆ 3. ಪೂರ್ತಿ ಹೊರಗೆ ಹೋಗಲು 4. ಮೊದಲ ಸುತ್ತಿಗೂ ಮುಂಚೆ ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ, ಆಗಲೇ ತಿದ್ದಿ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯು ಸೀಟು ಕೇಳಲು ಮರೆಯಬೇಡಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮಾಫಿ. ಉಳಿದ ಶುಲ್ಕ ಕಟ್ಟಬೇಕು.

ಸೈಬರ್ ಸೆಂಟರಿನವನ ಕೈಗೆ ಪಾಸ್‌ವರ್ಡ್ ಕೊಟ್ಟು ಟೀ ಕುಡಿಯಲು ಹೋಗಬೇಡಿ. ಸಾವಿರಾರು ರೂಪಾಯಿ ತೆಗೆದುಕೊಂಡು ‘ನಾವೇ ಆಪ್ಷನ್ ಹಾಕಿಕೊಡ್ತೀವಿ’ ಅನ್ನುವ ಏಜೆನ್ಸಿಯವರಿಗೆ ನಿಮ್ಮ ಮನೆ ಲೆಕ್ಕ ಹೇಗೆ ಗೊತ್ತು?

5. ಬ್ಯಾಂಕ್ ಸಾಲ: ಎಡವುವುದು ಇಲ್ಲೇ

ಬ್ಯಾಂಕಿಗೆ ಹೋಗಬೇಕಾದ್ದು ಸೀಟು ಸಿಕ್ಕ ಮೇಲಲ್ಲ, ಅದಕ್ಕೂ ಮೊದಲು. ಸೀಟು ಹಂಚಿಕೆಯಾದ ಮೇಲೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ಸಾಲ ಮಂಜೂರಾಗಲು ವಾರಗಳೇ ಬೇಕು. ಆದ್ದರಿಂದ ಮೊದಲ ವರ್ಷದ ಫೀಸು ನಿಮ್ಮ ಕೈಯಿಂದಲೇ ಹೋಗುತ್ತದೆ ಎಂದುಕೊಳ್ಳಿ. ಬೇಕಿದ್ದರೆ ಅಷ್ಟಕ್ಕೆ ಮಾತ್ರ ಬ್ಯಾಂಕಿನಲ್ಲಿ ಚಿನ್ನ ಅಡವಿಡಿ. ರಸೀದಿ ಜೋಪಾನ. ಕಟ್ಟಿದ ಫೀಸನ್ನು ಸಾಲದಲ್ಲಿ ಸೇರಿಸಿಕೊಡುತ್ತೀರಾ ಎಂದು ಅರ್ಜಿ ಹಾಕುವ ದಿನವೇ ಕೇಳಿ.

ಹೋಗುವ ಮೊದಲು ಅಪ್ಪನ ಸಿಬಿಲ್ ವರದಿ (ಹಿಂದಿನ ಸಾಲಗಳ ಚರಿತ್ರೆ) ತೆಗೆಯಿರಿ. ವರ್ಷಕ್ಕೆ ಒಂದು ವರದಿ ಉಚಿತ. ಸ್ಕೋರು ನೋಡಿ ಮುಚ್ಚಿಡಬೇಡಿ, ಒಳಗಿನ ಖಾತೆಗಳನ್ನು ಒಂದೊಂದಾಗಿ ಓದಿ. ಬೈಕ್ ಸಾಲದ ಕೊನೆಯ ಕಂತು, ಗಡುವು ದಾಟಿದ ಬೆಳೆ ಸಾಲ, ಅಮ್ಮನ ಸಂಘದ ಸಾಲ, ಭಾವಮೈದುನನಿಗೆ ಹಾಕಿದ ಜಾಮೀನು, ಎಲ್ಲ ಅಲ್ಲಿ ಕೂತಿರುತ್ತವೆ. ಎಷ್ಟೋ ಅರ್ಜಿಗಳು ಬೀಳುವುದು ಎರಡು ಮೂರು ಸಾವಿರದ ಹಳೆ ಬಾಕಿಗೆ. ‘ಓವರ್‌ಡ್ಯೂ’ ಎಂದಿದ್ದರೆ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. 2025ರಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಲ್‌ಗೆ ಮಾಹಿತಿ ಕಳಿಸಬೇಕು, ಹಾಗಾಗಿ ಮೇ ತಿಂಗಳಲ್ಲಿ ಸರಿ ಮಾಡಿದರೆ ಜುಲೈ ಹೊತ್ತಿಗೆ ವರದಿ ಸರಿಹೋಗಿರುತ್ತದೆ. ‘ದುಡ್ಡು ಕೊಡಿ, ಸ್ಕೋರ್ ಏರಿಸಿಕೊಡ್ತೀವಿ’ ಅನ್ನುವವರನ್ನು ನಂಬಬೇಡಿ.

ಅರ್ಜಿಯನ್ನು ಶಿಕ್ಷಣ ಸಾಲಕ್ಕೆಂದೇ ಇರುವ ಕೇಂದ್ರ ಸರ್ಕಾರದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ಅರ್ಜಿ ಸಂಖ್ಯೆಯ ಪ್ರಿಂಟ್ ಹಿಡಿದುಕೊಂಡು ಹೋಗಿ. ಜೊತೆಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಖರ್ಚಿನ ಅಂದಾಜು ಪತ್ರ ಇರಲಿ. ಈ ಪತ್ರದಲ್ಲಿ ಎಲ್ಲ ವರ್ಷಗಳ ಖರ್ಚು ಬೇರೆ ಬೇರೆ ಸಾಲಿನಲ್ಲಿ ಇರಬೇಕು: ಬೋಧನೆ, ಪರೀಕ್ಷೆ, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್. ಕಾಲೇಜಿನ ಗುಮಾಸ್ತರು ಮೊದಲ ವರ್ಷದ್ದು ಮಾತ್ರ ಬರೆದುಕೊಟ್ಟರೆ ಅಲ್ಲೇ ನಿಂತು ಪೂರ್ತಿ ಬರೆಸಿಕೊಳ್ಳಿ. ಒಂದು ವರ್ಷಕ್ಕಷ್ಟೇ ಸಾಲ ಕೇಳಿದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರು.

4 ಲಕ್ಷದವರೆಗೆ ಅಡಮಾನವೂ ಬೇಡ, ನಿಮ್ಮ ಪಾಲಿನ ಮಾರ್ಜಿನ್ ಹಣವೂ ಬೇಡ. ಏಳೂವರೆ ಲಕ್ಷದವರೆಗೂ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವಂತಿಲ್ಲ, ಆ ಸಾಲಕ್ಕೆ ಕೇಂದ್ರದ ಗ್ಯಾರಂಟಿ ನಿಧಿ ಇದೆ. ‘ಪಹಣಿ ತನ್ನಿ, ಸೈಟಿನ ಪತ್ರ ತನ್ನಿ’ ಅಂದರೆ ಯಾವ ನಿಯಮ ಎಂದು ಮೆಲ್ಲಗೆ ಕೇಳಿ. ‘ನಮ್ಮ ಬ್ರಾಂಚಲ್ಲಿ ಎಜುಕೇಶನ್ ಲೋನ್ ಕೊಡಲ್ಲ’ ಅಂದರೆ ಜಗಳ ಬೇಡ. ‘ಸರಿ ಸರ್, ಅದನ್ನೇ ಬರೆದು ಕೊಡಿ’ ಅನ್ನಿ. ಬರೆದು ಕೊಡುವ ಮಾತು ಬಂದರೆ ಹೆಚ್ಚಿನವರ ದನಿ ಬದಲಾಗುತ್ತದೆ. ಬದಲಾಗದಿದ್ದರೆ ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಒಬ್ಬ ಲೀಡ್ ಬ್ಯಾಂಕ್ ಮ್ಯಾನೇಜರ್ ಇರುತ್ತಾರೆ. ಅರ್ಜಿ ಸಂಖ್ಯೆ ಹಿಡಿದು ಅವರ ಬಳಿ ಹೋಗಿ. ಸಾಲದ ಜೊತೆ ಇಪ್ಪತ್ತು ವರ್ಷದ ಹಣ ವಾಪಸ್ ಪಾಲಿಸಿಯನ್ನೂ ತಲೆಗೆ ಕಟ್ಟಲು ನೋಡುತ್ತಾರೆ. ಸಾಲದಷ್ಟು ಮೊತ್ತಕ್ಕೆ ಸಾದಾ ಜೀವವಿಮೆ ಆದರೆ ಒಪ್ಪಿಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ.

ಈಗ ಕಂತಿನ ಲೆಕ್ಕ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಎತ್ತಿದಿರಿ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಇಲ್ಲ. ಆದರೆ ಬಡ್ಡಿ ನಿಂತಿರುವುದಿಲ್ಲ. ಮೊದಲ ಲಕ್ಷಕ್ಕೆ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಕಂತು ಶುರುವಾಗುವ ದಿನ ಸಾಲ 5.4 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,140 ರೂಪಾಯಿ. ಇದೇ ಲೆಕ್ಕದಲ್ಲಿ 10 ಲಕ್ಷ ಎತ್ತಿದರೆ ಸಾಲ 13.5 ಲಕ್ಷ, ಕಂತು 17,840. ಕೈಗೆ 25 ಸಾವಿರ ಬರುವ ಹುಡುಗಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಊಟ ಮಾಡಿ, ಮನೆಗೆ ಎರಡು ಸಾವಿರ ಕಳಿಸಿ 17,840 ಎಲ್ಲಿಂದ ತರಬೇಕು? ಕಂತು ಮೊದಲ ಸಂಬಳದ ಮೂರನೇ ಒಂದು ಭಾಗ ದಾಟಬಾರದು. ಸಾಧಾರಣ ಎಂಜಿನಿಯರಿಂಗ್ ಪದವಿಗೆ 4 ಲಕ್ಷ, ಹೆಚ್ಚೆಂದರೆ ನಾಲ್ಕೂವರೆ. ಅದಕ್ಕಿಂತ ಮೇಲಿನ ಸೀಟು ಎಷ್ಟೇ ಚೆಂದ ಇದ್ದರೂ ಬಿಡಿ ಅನ್ನುತ್ತೇನೆ.

ಓದುವಾಗಲೇ ಬಡ್ಡಿಯನ್ನಷ್ಟೇ ತಿಂಗಳು ತಿಂಗಳು ಕಟ್ಟಿದರೆ ಸಾಲ ಬೆಳೆಯುವುದಿಲ್ಲ. ಹಲವು ಬ್ಯಾಂಕು ಅದಕ್ಕೆ ಬಡ್ಡಿ ದರದಲ್ಲೂ ರಿಯಾಯಿತಿ ಕೊಡುತ್ತವೆ, ಹೆಣ್ಣುಮಕ್ಕಳಿಗೆ ಬೇರೆ ರಿಯಾಯಿತಿ ಇದೆ. 1 ಲಕ್ಷಕ್ಕೆ ತಿಂಗಳಿಗೆ 830 ರೂಪಾಯಿ ಚಿಲ್ಲರೆ ಬರುತ್ತದೆ. ಹಾಲಿನ ಬಟವಾಡೆಯಿಂದ ಎತ್ತಿಡಬಹುದಾದ ದುಡ್ಡು.

ಕುಟುಂಬದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು ವೃತ್ತಿಪರ ಕೋರ್ಸ್ ಓದುವವರಿಗೆ ಓದುವ ಅವಧಿಯ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಆಯ್ದ ಕಾಲೇಜುಗಳಲ್ಲಿ ಓದುವವರಿಗೆ 8 ಲಕ್ಷದ ಆದಾಯದವರೆಗೂ ಶೇ 3ರ ಬಡ್ಡಿ ರಿಯಾಯಿತಿ ಸಿಗುತ್ತದೆ. ಆದಾಯ ಪ್ರಮಾಣಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಬ್ಯಾಂಕಿನವರು ನೆನಪು ಮಾಡುವುದಿಲ್ಲ.

6. ವಿದ್ಯಾರ್ಥಿವೇತನ, ನಿಗಮದ ಸಾಲ, ಹಾಸ್ಟೆಲ್

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿವರ್ಷ ಅರ್ಜಿ. ಹಣ ತಡವಾಗಿ ಬರುತ್ತದೆ, ಅದನ್ನು ನೆಚ್ಚಿಕೊಂಡು ಫೀಸಿನ ದಿನ ಗೊತ್ತು ಮಾಡಬೇಡಿ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ, ಅಲ್ಪಸಂಖ್ಯಾತರು ತಮ್ಮ ನಿಗಮದ ಅರಿವು ಸಾಲ ನೋಡಿ, ಬಡ್ಡಿ ಬ್ಯಾಂಕಿಗಿಂತ ಬಹಳ ಕಡಿಮೆ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಕಲ್ಯಾಣ ಮಂಡಳಿಯಲ್ಲಿ ಶೈಕ್ಷಣಿಕ ಸಹಾಯಧನ ಕೇಳಿ. ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಮರು ಯೋಚನೆ ಬೇಡ, ಊಟದ ಬಗ್ಗೆ ಯಾರು ಏನೇ ಅನ್ನಲಿ. ಕಾಲೇಜಿನವರೇ ‘ಸ್ಕಾಲರ್‌ಶಿಪ್ ಕೊಡ್ತೀವಿ’ ಅಂದರೆ ಅದು ಮೊದಲ ವರ್ಷಕ್ಕೋ ನಾಲ್ಕೂ ವರ್ಷಕ್ಕೋ ಎಂದು ಕೇಳಿ.

7. ಸಾಲ ಸಿಕ್ಕ ಮೇಲೆ

ಫೀಸನ್ನು ಬ್ಯಾಂಕು ನೇರ ಕಾಲೇಜಿಗೆ ಕಳಿಸುತ್ತದೆ. ಪ್ರತಿವರ್ಷ ಅಂಕಪಟ್ಟಿ ಕೊಟ್ಟರೆ ಮುಂದಿನ ವರ್ಷದ ಸಾಲದ ಹಣ ಬಿಡುಗಡೆ. ಓದು ಮುಗಿದು ವರ್ಷವಾದರೂ ಕೆಲಸ ಸಿಕ್ಕಿಲ್ಲ ಅಂದರೆ ಫೋನ್ ಆಫ್ ಮಾಡಿ ಕೂರಬೇಡಿ. 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ತಂಗಿಯ ಓದಿಗೂ ಆಗ ಸಾಲ ಹುಟ್ಟುವುದಿಲ್ಲ. ಅದಕ್ಕೂ ಮೊದಲೇ ಶಾಖೆಗೆ ಹೋಗಿ, ಮರುಪಾವತಿ ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸಿ ಎಂದು ಬರೆದುಕೊಡಿ. ಮೇಲೆ ಹೇಳಿದ 5.4 ಲಕ್ಷದ ಸಾಲಕ್ಕೆ ಕಂತು 7,140ರಿಂದ 5,800ಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ ನಿಜ. ಒಳ್ಳೆಯ ಕೆಲಸ ಸಿಕ್ಕ ಮೇಲೆ ಮುಂಚಿತವಾಗಿ ಕಟ್ಟಿಬಿಡಿ.