ಪರೀಕ್ಷೆಯಿಂದ ವಿನಾಯಿತಿ ಬೇಕೇ? ಅರ್ಜಿಗೆ ಮುನ್ನ ನಿಯಮ ಓದಿ

ತಮಿಳುನಾಡಿನ ಹೊಸೂರಿನಲ್ಲಿ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪುಗಳಲ್ಲಿ ಕನ್ನಡದ ಹುಡುಗರು ಬೇಕಾದಷ್ಟಿದ್ದಾರೆ. ಲೇತ್ ಮುಂದೆ ಅವರನ್ನು ಮೀರಿಸುವವರಿಲ್ಲ. ತೊಡಕೆಲ್ಲ ಕಾಗದಪತ್ರದ್ದು. ಅದರಲ್ಲೂ ಬಿಡಿಭಾಗಕ್ಕೆ ಕಡ್ಡಾಯವಾದ ಸುರಕ್ಷತಾ ಪರೀಕ್ಷೆಯ ವಿಷಯದಲ್ಲಿ ‘ಈ ಪರೀಕ್ಷೆಯಿಂದ ನಮ್ಮನ್ನು ಬಿಡಿ’ ಎಂದು ಕೇಳುವ ಅರ್ಜಿಯದ್ದು.

ಮೊದಲ ಕೆಲಸ, ಅರ್ಜಿ ಬರೆಯದೇ ಇರುವುದು. ನಿಯಮವನ್ನು ಕೊನೆಯ ಸಾಲಿನವರೆಗೆ ಓದಿ. ಎಷ್ಟೋ ಸಲ ಬಾಗಿಲು ಅಲ್ಲೇ ತೆರೆದಿರುತ್ತದೆ. ನೀವು ಕ್ಯಾಬಿನ್ನಿನ ಪ್ಲಾಸ್ಟಿಕ್ ನಾಬ್, ಕ್ಲಿಪ್ ಮಾಡುತ್ತೀರಿ ಎಂದುಕೊಳ್ಳಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮದಂತೆ ದೊಡ್ಡ ವಿಮಾನದ ಒಳಗೋಡೆಯ ಫಲಕದ ಮಾದರಿಯನ್ನು ಪರೀಕ್ಷೆಯಲ್ಲಿ 60 ಸೆಕೆಂಡು ಜ್ವಾಲೆಗೆ ಒಡ್ಡಬೇಕು. ಸುಟ್ಟ ಉದ್ದ ಸರಾಸರಿ 6 ಇಂಚು ದಾಟಬಾರದು, ಜ್ವಾಲೆ ತೆಗೆದ ಮೇಲೆ ಉರಿ 15 ಸೆಕೆಂಡು ಮೀರಬಾರದು. ಆದರೆ ಬೆಂಕಿ ಹರಡುವುದಕ್ಕೆ ಹೇಳಿಕೊಳ್ಳುವಂಥ ಪಾಲು ಕೊಡದ ನಾಬ್, ಹಿಡಿ, ಕ್ಲಿಪ್‌ಗಳನ್ನು ಅದೇ ನಿಯಮದ ಅನುಬಂಧ ‘ಸಣ್ಣ ಭಾಗ’ಗಳೆಂದು ಬಿಟ್ಟಿದೆ. ನಿಮ್ಮ ಭಾಗ ಆ ಸಾಲಿಗೆ ಸೇರುತ್ತದೆಂದು ತೋರಿಸಿದರೆ ಮುಗಿಯಿತು.

ಅಪಘಾತವಾದಾಗ ಸಂಕೇತ ಕಳಿಸುವ ಇಎಲ್‌ಟಿ ಪೆಟ್ಟಿಗೆಯದ್ದೂ ಹೀಗೇ. ಎಫ್‌ಎಎ ನಿಯಮದಂತೆ 12 ತಿಂಗಳಿಗೊಮ್ಮೆ ಅದರ ಅಳವಡಿಕೆ, ಬ್ಯಾಟರಿಯ ಕಿಲುಬು, ಅಪ್ಪಳಿಸಿದ್ದನ್ನು ಗುರುತಿಸುವ ಸೆನ್ಸರ್, ಆಂಟೆನಾದಿಂದ ಹೊರಡುವ ಸಂಕೇತ ಇಷ್ಟನ್ನೂ ನೋಡಲೇಬೇಕು. ಪೆಟ್ಟಿಗೆ ಕೆಟ್ಟು, ಇದ್ದಲ್ಲಿ ರಿಪೇರಿಯಾಗದಿದ್ದರೆ ಆಗುವ ಜಾಗಕ್ಕೆ ವಿಮಾನ ಹಾರಿಸಿಕೊಂಡು ಹೋಗಲು ನಿಯಮವೇ ಅನುಮತಿಸುತ್ತದೆ. ಅಗತ್ಯ ಸಿಬ್ಬಂದಿ ಬಿಟ್ಟು ಬೇರೆ ಯಾರೂ ಹತ್ತುವಂತಿಲ್ಲ, ಅಷ್ಟೆ.

ಇಷ್ಟಾದರೂ ದಾರಿ ಕಾಣದಿದ್ದರೆ ಅರ್ಜಿ. ಯಾರ ಹೆಸರಲ್ಲಿ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ನಿಯಮ ಯಾರನ್ನು ಕಟ್ಟಿಹಾಕುತ್ತದೋ ಅವರೇ ಕೇಳಬೇಕು. ಬಿಡಿಭಾಗ ಪೂರೈಸುವವರ ಪಾಲಿಗೆ ಬರುವುದು ಸಾಮಾನ್ಯವಾಗಿ ತಾಂತ್ರಿಕ ಭಾಗ ಬರೆದುಕೊಡುವ ಕೆಲಸ. ಎಫ್‌ಎಎಗೆ ಅರ್ಜಿ ಹಾಕುವ ಕ್ರಮ ಅದರ ನಿಯಮಾವಳಿಯ 11ನೇ ಭಾಗದಲ್ಲಿದೆ. ಭಾರತದಲ್ಲಿ ನೋಂದಾಯಿಸಿದ ವಿಮಾನವಾದರೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ದಾರಿ. 1937ರ ವಿಮಾನ ನಿಯಮಗಳ 160ನೇ ನಿಯಮ ಲಿಖಿತ ಆದೇಶದ ಮೂಲಕ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಎಫ್‌ಎಎ ಅರ್ಜಿಯಲ್ಲಿ ಹೆಸರು, ವಿಳಾಸ, ಯಾವ ಸೆಕ್ಷನ್, ಎಷ್ಟರಮಟ್ಟಿಗೆ ಬಿಡಬೇಕು ಎಂಬುದೆಲ್ಲ ಒಂದು ಪುಟದ ಮಾತು. ಬೆವರಿಳಿಯುವುದು ಮುಂದಿನ ಎರಡರಲ್ಲಿ. ಒಂದು, ಇದರಿಂದ ಸಾರ್ವಜನಿಕರಿಗೇನು ಲಾಭ. ಎರಡು, ಸುರಕ್ಷತೆ ಹೇಗೆ ಕುಗ್ಗುವುದಿಲ್ಲ. ‘ಪರೀಕ್ಷೆ ದುಬಾರಿ, ಲ್ಯಾಬಿನಲ್ಲಿ ದಿನಾಂಕ ಸಿಗುತ್ತಿಲ್ಲ, ದಯವಿಟ್ಟು ಪರಿಗಣಿಸಿ’ ಎಂದು ತಾಲ್ಲೂಕು ಕಚೇರಿಗೆ ಬರೆದಂತೆ ಬರೆದರೆ ಉಪಯೋಗವಿಲ್ಲ. ‘ಇದೇ ವಸ್ತು, ಇದೇ ದಪ್ಪದ ಇನ್ನೊಂದು ಭಾಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ವರದಿ ಲಗತ್ತಿಸಿದೆ, ವಿನಾಯಿತಿ ಇರುವಷ್ಟು ದಿನ ಪ್ರತಿ ಬ್ಯಾಚಿನ ಒಂದು ಮಾದರಿಯನ್ನು ತಪಾಸಣೆ ಮಾಡುತ್ತೇವೆ’ ಎಂದರೆ ಓದುವ ಎಂಜಿನಿಯರ್ ಪುಟ ತಿರುಗಿಸುತ್ತಾನೆ. ಬಿಟ್ಟ ಪರೀಕ್ಷೆಯ ಜಾಗದಲ್ಲಿ ಏನಿಡುತ್ತೀರಿ ಎಂದು ಹೇಳದ ಅರ್ಜಿಯನ್ನು ಕಳಿಸಲೇಬೇಡಿ ಎನ್ನುವುದು ನನ್ನ ಸಲಹೆ.

ಎಫ್‌ಎಎಗೆ ಅರ್ಜಿಯನ್ನು ವಿನಾಯಿತಿ ಬೇಕಾದ ದಿನಕ್ಕೆ 120 ದಿನ ಮೊದಲೇ ಸಲ್ಲಿಸಬೇಕು. ಸಾಮಾನ್ಯವಾಗಿ ಸಾರಾಂಶವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಅರ್ಜಿಯ ಕಡತವೂ ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಗ್ರಾಹಕರ ಗೋಪ್ಯ ನಕ್ಷೆಗಳನ್ನು ಅದಕ್ಕೆ ಲಗತ್ತಿಸಬೇಡಿ.

ಒಪ್ಪಿಗೆ ಬಂದರೆ ಷರತ್ತುಗಳ ಪುಟವನ್ನು ಶಾಪ್‌ಫ್ಲೋರಿನಲ್ಲೇ ಅಂಟಿಸಿ. ಮ್ಯಾನೇಜರ್ ಕಪಾಟಿನಲ್ಲಿದ್ದರೆ ಯಾರಿಗೂ ಪ್ರಯೋಜನವಿಲ್ಲ. ತಿರಸ್ಕರಿಸಿದರೆ ಮರುಪರಿಶೀಲನೆ ಕೇಳಲು 60 ದಿನ ಇದೆ. ಹಳೇ ಅರ್ಜಿಯನ್ನೇ ಮತ್ತೆ ಕಳಿಸಿದರೆ ನಡೆಯದು. ಹಿಂದೆ ಕೊಡದ ಮುಖ್ಯ ಸಂಗತಿ ಇರಬೇಕು, ಅದನ್ನೇಕೆ ಆಗ ಕೊಡಲಿಲ್ಲ ಎಂದೂ ಹೇಳಬೇಕು. ಇಲ್ಲವೇ ಅವರ ತೀರ್ಮಾನದಲ್ಲಿ ಸಂಗತಿಯದ್ದೋ ಕಾನೂನಿನದ್ದೋ ತಪ್ಪಿದೆ ಎಂದು ತೋರಿಸಬೇಕು.