‘ಫೇಸಿಂಗ್ ಫಿಯರ್’ ತೋರಿಸಿ ಅಪ್ಪ-ಅಮ್ಮಂದಿರನ್ನು ಮಾತಾಡಿಸಿದ್ದು: ನನ್ನ ಅನುಭವ

ನಾನು ಲಾಸ್ ಏಂಜಲೀಸ್‌ನಲ್ಲಿ ಕೌನ್ಸೆಲರ್. ಇಲ್ಲಿನ ಕನ್ನಡ ಮನೆಗಳಲ್ಲಿ ಮಕ್ಕಳು ಗೇ, ಅಂದರೆ ಸಲಿಂಗಿ ಆಗಿರಬಹುದು ಅನ್ನೋ ಮಾತನ್ನು ನೇರವಾಗಿ ಎತ್ತಿದರೆ ಯಾರೂ ಬಾಯಿ ಬಿಡುವುದಿಲ್ಲ. ಸಿನಿಮಾ ನೋಡೋಣ ಬನ್ನಿ ಅಂದರೆ ಬರುತ್ತಾರೆ. ಹಾಗಾಗಿ ಯಾರದಾದರೂ ಮನೆಯ ಹಾಲ್‌ನಲ್ಲಿ ‘ಫೇಸಿಂಗ್ ಫಿಯರ್’ ಹಾಕುತ್ತೇನೆ. ಜೇಸನ್ ಕೋಹೆನ್ 2013ರಲ್ಲಿ ಮಾಡಿದ ಸಾಕ್ಷ್ಯಚಿತ್ರ, ಮರುವರ್ಷ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು. ಬರೀ 23 ನಿಮಿಷ. ಊಟಕ್ಕೆ ಮುಂಚೆ ಮುಗಿಯುತ್ತದೆ, ಅದೇ ದೊಡ್ಡ ಅನುಕೂಲ.

ಕಥೆ ಈ ಊರಿನದೇ. ಮ್ಯಾಥ್ಯೂ ಬೋಜರ್ ತಾನು ಗೇ ಅಂದಾಗ ಅಮ್ಮ ಅವನನ್ನು ಮನೆಯಿಂದ ಹೊರಗೆ ಹಾಕಿದಳು. ಆಗ ಅವನಿಗೆ 13 ವರ್ಷ. ಹಾಲಿವುಡ್ ಬೀದಿಗಳಲ್ಲಿ ಬದುಕುತ್ತಿದ್ದವನನ್ನು ಒಂದು ರಾತ್ರಿ ನವನಾಜಿ (ಹಿಟ್ಲರನ ಜನಾಂಗದ್ವೇಷವನ್ನು ಈಗಲೂ ನಂಬುವ) ಹುಡುಗರ ಗುಂಪು ಓಣಿಯಲ್ಲಿ ಹಿಡಿದು ತುಳಿದು ಹಾಕಿತು. ಸತ್ತ ಅಂದುಕೊಂಡೇ ಬಿಟ್ಟುಹೋದರು. ಸುಮಾರು 25 ವರ್ಷದ ನಂತರ ಮ್ಯಾಥ್ಯೂ ಇಲ್ಲಿನ ಮ್ಯೂಸಿಯಂ ಆಫ್ ಟಾಲರೆನ್ಸ್ (ದ್ವೇಷ, ತಾರತಮ್ಯದ ಬಗ್ಗೆ ತಿಳಿಹೇಳುವ ಸಂಗ್ರಹಾಲಯ) ಅನ್ನುವಲ್ಲಿ ಕೆಲಸಕ್ಕಿದ್ದಾಗ, ದ್ವೇಷದ ಗುಂಪು ಬಿಟ್ಟು ಬಂದಿದ್ದ ಟಿಮ್ ಝಾಲ್ ಅಲ್ಲಿ ಭಾಷಣಕ್ಕೆ ಬಂದ. ಇಬ್ಬರೂ ಸುಮ್ನೆ ಹಳೇ ಹಾಲಿವುಡ್ ಬಗ್ಗೆ ಮಾತಾಡುತ್ತಾ ಹೋದರು. ಜಾಗ ಒಂದೇ, ಘಟನೆ ಒಂದೇ. ಅವತ್ತು ಒದ್ದವರಲ್ಲಿ ಟಿಮ್ ಕೂಡ ಇದ್ದ. ಕೊನೆಗೆ ಮ್ಯಾಥ್ಯೂ ಅವನನ್ನು ಕ್ಷಮಿಸಿದ. ಆಮೇಲೆ ಇಬ್ಬರೂ ಜೊತೆಯಾಗಿ ಅದೇ ಮ್ಯೂಸಿಯಂನಲ್ಲಿ ಜನರ ಮುಂದೆ ಈ ಕಥೆ ಹೇಳತೊಡಗಿದರು.

ಶುರು ಮಾಡುವ ಮುಂಚೆ ಎರಡು ಮಾತು ಹೇಳುತ್ತೇನೆ. ಹೊಡೆತದ ವಿವರ ಇದೆ, ಆಗದಿದ್ದರೆ ಎದ್ದು ಅಡುಗೆಮನೆಗೆ ಹೋಗಿ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಮತ್ತೆ, ನಿಮ್ಮ ಮಕ್ಕಳ ಬಗ್ಗೆ ಇವತ್ತು ಏನೂ ಹೇಳಬೇಕಾಗಿಲ್ಲ. ಈ ಎರಡನೆಯದು ಬಹಳ ಮುಖ್ಯ. ನಮ್ಮ ಜನ ಒಬ್ಬರಿಗೊಬ್ಬರು ಗೊತ್ತಿರುವವರು, ಒಂದು ಮಾತು ಬಿದ್ದರೆ ರಾತ್ರಿಯೊಳಗೆ ವಾಟ್ಸಾಪ್‌ನಲ್ಲಿ ಆಚೆ ಊರು ಇರ್ವೈನ್ ತಲುಪಿರುತ್ತದೆ. ಮಗ ಇನ್ನೂ ಯಾರಿಗೂ ಹೇಳದಿದ್ದುದನ್ನು ಅಮ್ಮನ ಕಣ್ಣೀರು ಹೇಳಿಬಿಡಬಾರದು.

ಮಧ್ಯೆ ನಿಲ್ಲಿಸುವುದಿಲ್ಲ. ಮುಗಿದ ತಕ್ಷಣ ಲೈಟೂ ಹಾಕುವುದಿಲ್ಲ. ಕಣ್ಣೊರೆಸಿಕೊಳ್ಳಲು ಗಂಡಸರಿಗೆ ಸ್ವಲ್ಪ ಕತ್ತಲೆ ಬೇಕು.

ಆಮೇಲೆ ಮಾತು ಬರುವುದು ಯಾವಾಗಲೂ ಒಂದೇ ಕಡೆಯಿಂದ: “ಎಂಥ ದೊಡ್ಡ ಮನಸ್ಸು ಅಲ್ವಾ, ಕ್ಷಮಿಸಿಬಿಟ್ಟ!” ಗಾಂಧಿ ಬರುತ್ತಾರೆ, ಬುದ್ಧ ಬರುತ್ತಾನೆ. ಎಲ್ಲರೂ ನಿರಾಳ. ಇಲ್ಲೇ ಬಿಟ್ಟರೆ ಸಂಜೆ ಚೆನ್ನಾಗಿಯೇ ಮುಗಿಯುತ್ತದೆ, ಆದರೆ ಕೆಲಸ ಆಗಿರುವುದಿಲ್ಲ. ಒದ್ದವನು ನಮ್ಮ ಕುಲದವನಲ್ಲ, ಬೋಳು ತಲೆಯ ಬಿಳಿ ಹುಡುಗ. ಮೇಲಾಗಿ ಟಿಮ್ ಒಂದು ಇರಾನಿ ದಂಪತಿಯ ಮೇಲೆ ಹಲ್ಲೆ ಮಾಡಿ ಜೈಲು ಕಂಡವನು. ಹಾಗಾಗಿ ಅವನಿಗೆ ಬೈಯುವುದೂ ಸುಲಭ, ಅವನನ್ನು ಕ್ಷಮಿಸುವುದೂ ಸುಲಭ.

ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ. “ಆ ಹುಡುಗ ಆ ಓಣಿಗೆ ಹೇಗೆ ಬಂದ?”

ಕೇಳಿ ಸುಮ್ಮನಾಗುತ್ತೇನೆ. ಒಂದು ಸಲ ಶಿವಮೊಗ್ಗದಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ, ಇಂಗ್ಲಿಷ್ ಅರ್ಧಂಬರ್ಧ ತಿಳಿಯುವವರು, ಎಲ್ಲರಿಗಿಂತ ಮೊದಲು ಮಾತಾಡಿದರು. “ಅವನ ಅಮ್ಮ ಬಾಗಿಲು ಹಾಕಿದಳಲ್ಲ, ರಾತ್ರಿ ಊಟ ಎಲ್ಲಿ ಮಾಡ್ತಿತ್ತು ಆ ಮಗು?” ಪಕ್ಕದಲ್ಲಿದ್ದ ಮಗ ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ವಾಪಸ್ ಇಟ್ಟ. ಆಮೇಲಿನ ಮಾತೆಲ್ಲ ಆ ಅಮ್ಮನ ಬಗ್ಗೆಯೇ. ಒಬ್ಬರು ಹೇಳಿದರು, ನಾನಾದರೆ ಹೊರಗೆ ಹಾಕುತ್ತಿರಲಿಲ್ಲ, ಮಾತು ಬಿಡುತ್ತಿದ್ದೆ ಅಷ್ಟೆ. ಅವರ ಹೆಂಡತಿ, “ಎಷ್ಟು ದಿನ?” ಅಂತ ಕೇಳಿದರು. ನಾನು ಕೇಳಿದ್ದರೂ ಇಷ್ಟು ನೇರವಾಗಿ ಕೇಳುತ್ತಿರಲಿಲ್ಲ.

ಟಿಮ್‌ನ ಕಡೆಯಿಂದಲೂ ಮನೆಯೇ ಬರುತ್ತದೆ. ಅವನ ಪುಟ್ಟ ಮಗ ಅಂಗಡಿಯಲ್ಲಿ ಕಪ್ಪು ಜನಾಂಗದವರೊಬ್ಬರನ್ನು ಕಂಡು ಹೊಲಸು ಬೈಗುಳ ಅಂದನಂತೆ. ಮಗು ಕಲಿತಿದ್ದು ಯಾರಿಂದ ಅಂತ ಕೇಳಬೇಕಾಗಿಲ್ಲ. ಅವನು ಬದಲಾಗಲು ಶುರುವಾಗಿದ್ದು ಅಲ್ಲಿಂದ. ನಮ್ಮ ಮನೆಗಳಲ್ಲಿ ಟಿವಿ ನೋಡುತ್ತಾ ಹೆಣ್ಣಿಗನ ಹಾಗೆ ನಡೆಯುವವನನ್ನು ಕಂಡು ಏನೇನು ಅನ್ನುತ್ತೇವೆ, ಅದನ್ನು ಇಲ್ಲಿ ನೆನಪಿಸುತ್ತೇನೆ. ಒಬ್ಬರೂ ಅಲ್ಲಗಳೆದಿಲ್ಲ.

ಕ್ಷಮೆಯ ವಿಷಯದಲ್ಲಿ ನನ್ನದೊಂದು ಹಟ ಇದೆ. ಪೆಟ್ಟು ತಿಂದವರಿಗೆ “ಹೊಟ್ಟೆಗೆ ಹಾಕ್ಕೋ, ಹೋಗ್ಲಿ ಬಿಡು” ಅಂತ ಹೇಳಲು ಈ ಸಿನಿಮಾ ಬಳಸುವುದಕ್ಕೆ ನಾನು ಬಿಡುವುದಿಲ್ಲ. ಮ್ಯಾಥ್ಯೂ ಕ್ಷಮಿಸಿದ್ದು ಅವನ ಇಷ್ಟ. ಅದಕ್ಕೂ ಮುಂಚೆ ಟಿಮ್ ಹಳೇ ಗುಂಪು ಬಿಟ್ಟಿದ್ದ, ತಾನು ಏನು ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳುವ ಹಂತಕ್ಕೆ ಬಂದಿದ್ದ. ಕ್ಷಮಿಸದೆ ಇದ್ದಿದ್ದರೂ ಮ್ಯಾಥ್ಯೂ ನನಗೆ ಅಷ್ಟೇ ದೊಡ್ಡವನು.

ಊರಿನಿಂದ ಬಂದ ಹಿರಿಯರು ಕಾನೂನಿನ ಬಗ್ಗೆ ಕೇಳುತ್ತಾರೆ. ಭಾರತದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿದೆ ಅಂದರೆ ಬಹಳ ಜನಕ್ಕೆ ಹೊಸ ಸುದ್ದಿ. ಇಲ್ಲಿನವರಿಗೆ, ಇಂಥ ಮಕ್ಕಳ ಅಪ್ಪ-ಅಮ್ಮಂದಿರಿಗಾಗಿಯೇ 1973ರಲ್ಲಿ ಶುರುವಾದ ಪಿಫ್ಲ್ಯಾಗ್ ಸಂಘಟನೆ ಮತ್ತು ಬೀದಿಗೆ ಬಿದ್ದ ಹುಡುಗರಿಗೆ ಮಲಗಲು ಜಾಗ ಕೊಡುವ ಲಾಸ್ ಏಂಜಲೀಸ್ ಎಲ್‌ಜಿಬಿಟಿ (ಸಲಿಂಗಿ, ದ್ವಿಲಿಂಗಾಸಕ್ತ, ಲಿಂಗಪರಿವರ್ತಿತ ಜನರ) ಸೆಂಟರ್‌ನ ವಿವರ ಇರುವ ಚೀಟಿ ಇಟ್ಟಿರುತ್ತೇನೆ. ಹಾಲ್‌ನಲ್ಲಿ ಇಟ್ಟರೆ ಒಬ್ಬರೂ ಮುಟ್ಟುವುದಿಲ್ಲ. ಚಪ್ಪಲಿ ಬಿಡುವ ಜಾಗದ ಹತ್ತಿರ ಇಟ್ಟರೆ ಖಾಲಿಯಾಗುತ್ತದೆ.

ಹದಿಹರೆಯದ ಮಕ್ಕಳಿಗೂ ತೋರಿಸಿ ಅಂತ ಕೆಲವರು ಕೇಳುತ್ತಾರೆ. ತೋರಿಸುತ್ತೇನೆ, ಆದರೆ ಬೇರೆ ದಿನ, ಹೆತ್ತವರಿಲ್ಲದೆ. ಅಪ್ಪ ಪಕ್ಕದಲ್ಲಿ ಕೂತಿದ್ದರೆ ಆ ಹುಡುಗರು ಪರದೆ ನೋಡುವುದಿಲ್ಲ, ಅಪ್ಪನ ಮುಖ ನೋಡುತ್ತಾರೆ.