ದೊಡ್ಡ ಕಂಪನಿಯ ಆಫರ್ ಒಪ್ಪುವ ಮುನ್ನ ಏನೇನು ನೋಡಬೇಕು

ಬೆಂಗಳೂರಿನ ದೊಡ್ಡ ಕಂಪನಿಯೊಂದರಿಂದ ಆಫರ್ ಲೆಟರ್ ಬಂದರೆ ಮನೆಮಂದಿಗೆಲ್ಲ ನೆಮ್ಮದಿಯಾಗುವುದು ಸಹಜ. ಸಂಬಳ ತಿಂಗಳು ತಿಂಗಳು ತಪ್ಪದೆ ಬರುತ್ತದೆ, ಗೃಹಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕಿನವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಆದರೆ ಸಹಿ ಹಾಕುವ ಮುನ್ನ, ಭದ್ರವಾಗಿರುವುದು ಕಂಪನಿಯೋ ನಿಮ್ಮ ಹುದ್ದೆಯೋ ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಪತ್ರದಲ್ಲಿ ಮೊದಲು ಓದಬೇಕಾದದ್ದು ಸಿಟಿಸಿಯ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ) ಮೊತ್ತವನ್ನಲ್ಲ, ಮೂಲ ವೇತನವನ್ನು. ಭವಿಷ್ಯ ನಿಧಿಗೆ ನಿಮ್ಮಿಂದ ಶೇ 12, ಕಂಪನಿಯಿಂದ ಶೇ 12 ಸಲ್ಲುತ್ತದೆ. ಇದನ್ನು ಪೂರ್ತಿ ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೋ, ಕಾನೂನಿನ ಮಿತಿಯಷ್ಟಕ್ಕೆ ಮಾತ್ರವೋ ಎಂದು ಎಚ್‌ಆರ್‌ ಅವರನ್ನು ಕೇಳಿ ತಿಳಿದುಕೊಳ್ಳಿ. ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಗ್ರಾಚ್ಯುಯಿಟಿಯನ್ನೂ ಹಲವು ಕಂಪನಿಗಳು ಸಿಟಿಸಿಯೊಳಗೇ ತೋರಿಸುತ್ತವೆ, ಆದರೆ ಕಾಯಂ ನೌಕರರಿಗೆ ಅದು ಸಿಗಲು ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಆಗಿರಬೇಕು. ಕೊನೆಯ ಮೂಲ ವೇತನ 40,000 ರೂಪಾಯಿ ಇದ್ದು 6 ವರ್ಷ ದುಡಿದವರಿಗೆ, ತಿಂಗಳಿಗೆ 26 ದಿನದಂತೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ, ಸುಮಾರು 1,38,000 ರೂಪಾಯಿ ಬರುತ್ತದೆ. ಮೂರನೇ ವರ್ಷಕ್ಕೇ ಹೊರಡುವ ಅಂದಾಜಿದ್ದರೆ ಆ ಮೊತ್ತವನ್ನು ನಿಮ್ಮ ಆದಾಯದ ಲೆಕ್ಕದಿಂದ ಬಿಟ್ಟುಬಿಡಿ. ಸಾಧನೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುವ ವೇತನ, ಅಂದರೆ ವೇರಿಯಬಲ್ ಪೇ ಕೂಡ ಅಷ್ಟೇ. ಕಳೆದ ಎರಡು ವರ್ಷಗಳಲ್ಲಿ ಅದರಲ್ಲಿ ಎಷ್ಟು ಪಾಲು ಕೊಟ್ಟಿದ್ದಾರೆಂದು ಕೇಳಲು ಸಂಕೋಚಪಡಬೇಡಿ.

ನನ್ನ ದೃಷ್ಟಿಯಲ್ಲಿ ದೊಡ್ಡ ಕಂಪನಿಯ ನಿಜವಾದ ಲಾಭವಿರುವುದು ಗುಂಪು ಆರೋಗ್ಯ ವಿಮೆಯಲ್ಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಅಪ್ಪ ಅಮ್ಮನಿಗೆ ಹೊರಗೆ ಪಾಲಿಸಿ ಮಾಡಿಸಲು ಹೋದರೆ ಪ್ರೀಮಿಯಂ ಭಾರವಾಗುತ್ತದೆ, ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷಗಳವರೆಗೂ ಕಾಯಬೇಕಾಗಬಹುದು. ಕಂಪನಿಯ ವಿಮೆಯಲ್ಲಿ ಸಾಮಾನ್ಯವಾಗಿ ಸೇರಿದ ದಿನದಿಂದಲೇ ರಕ್ಷಣೆ ಸಿಗುತ್ತದೆ. ಹಾಗಾಗಿ ತಂದೆತಾಯಿ ಅದರಲ್ಲಿ ಸೇರುತ್ತಾರೆಯೇ, ಅವರ ಪ್ರೀಮಿಯಂ ಯಾರು ಕಟ್ಟುತ್ತಾರೆ, ಆಸ್ಪತ್ರೆಯ ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು ಎಂಬ ಮೂರನ್ನೂ ಬರವಣಿಗೆಯಲ್ಲಿ ಪಡೆಯಿರಿ. ಆದರೆ ಕೆಲಸ ಬಿಟ್ಟೊಡನೆ ಈ ರಕ್ಷಣೆಯೂ ನಿಲ್ಲುತ್ತದೆ. ಆದ್ದರಿಂದ ಸೇರಿದ ಮೊದಲ ವರ್ಷದಲ್ಲೇ ಸ್ವಂತ ಪಾಲಿಸಿಯೊಂದನ್ನೂ ಮಾಡಿಸಿಟ್ಟರೆ, ಕಾಯುವ ಅವಧಿ ನೌಕರಿಯಲ್ಲಿರುವಾಗಲೇ ಕಳೆದುಹೋಗುತ್ತದೆ.

ಇನ್ನು ತೊಡಕುಗಳು. ಸಾವಿರಾರು ಜನರಿರುವಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಕೆಲಸ ಬಹಳ ಕಿರಿದಾಗಿರುತ್ತದೆ; ಕಂಪನಿಯೊಳಗೆ ಮಾತ್ರ ಬಳಸುವ ಸಾಫ್ಟ್‌ವೇರ್‌ ಒಂದನ್ನೇ ಐದಾರು ವರ್ಷ ನೋಡಿಕೊಂಡವರು, ಹೊರಗಿನ ಸಂದರ್ಶನದಲ್ಲಿ ಹೇಳಿಕೊಳ್ಳಲು ಏನೂ ಇಲ್ಲದೆ ಕಷ್ಟಪಡುತ್ತಾರೆ. ಯಾವ ಪ್ರಾಜೆಕ್ಟ್, ಯಾವ ತಂಡ, ಬೆಂಚ್‌ನಲ್ಲಿ (ಪ್ರಾಜೆಕ್ಟ್ ಇಲ್ಲದೆ ಕಾಯುವ ಸ್ಥಿತಿಯಲ್ಲಿ) ಎಷ್ಟು ದಿನ ಇರಿಸುತ್ತಾರೆ, ಒಂದು ತಂಡದಿಂದ ಇನ್ನೊಂದಕ್ಕೆ ಹೋಗಲು ಮ್ಯಾನೇಜರ್‌ ಅನುಮತಿ ಬೇಕೇ ಎಂಬುದನ್ನು ಸಂದರ್ಶನದ ಕೊನೆಯಲ್ಲೇ ವಿಚಾರಿಸಿ. ಸಾಧ್ಯವಾದರೆ ಅದೇ ತಂಡದಲ್ಲಿರುವ ಒಬ್ಬರೊಡನೆ ಮಾತನಾಡಿ. ಹೆಸರು ಕೇಳಿ ಸೇರಿ, ತಂಡ ನೋಡಿ ಬೇಸತ್ತವರು ಕಡಿಮೆಯಿಲ್ಲ.

ಕಂಪನಿಯೇ ಶಾಶ್ವತವೆಂಬ ನಂಬಿಕೆಯೂ ಬೇಡ. 1953ರಲ್ಲಿ ಆರಂಭವಾದ ಎಚ್‌ಎಂಟಿ ಈ ಊರಿನಲ್ಲಿ ಭದ್ರ ನೌಕರಿಗೆ ಮಾದರಿಯಂತಿತ್ತು. ಅದರ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಆರು ತಿಂಗಳ ಮನೆಖರ್ಚಿನಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳುವವರೆಗೆ ದೊಡ್ಡ ಇಎಂಐಗೆ ಕೈಹಾಕಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ, ಎಲೆಕ್ಟ್ರಾನಿಕ್‌ ಸಿಟಿಗೆ 2025ರಿಂದ ಹಳದಿ ಮಾರ್ಗದ ಮೆಟ್ರೊ ಇದೆ. ನಿಲ್ದಾಣದಿಂದ ಕಚೇರಿಯ ಬಾಗಿಲಿನವರೆಗಿನ ದಾರಿಯನ್ನು ಸೋಮವಾರ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ.

ಕೊನೆಯದು ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ. ದೊಡ್ಡ ಕಂಪನಿಗಳಲ್ಲಿ 90 ದಿನ ಸಾಮಾನ್ಯ, ಆದರೆ ಮುಂದೆ ಕೆಲಸ ಕೊಡುವವರು ಅಷ್ಟು ಕಾಯದಿರಬಹುದು. ಉಳಿದ ದಿನಗಳಿಗೆ ಹಣ ಕಟ್ಟಿ ಬೇಗ ಹೊರಡಲು ಅವಕಾಶವಿದೆಯೇ, ಆ ಹಣವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೋ ಪೂರ್ತಿ ಸಂಬಳದ ಮೇಲೋ ಎಂಬುದನ್ನು ಸಹಿಗೆ ಮೊದಲೇ ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಆಫರ್ ಲೆಟರ್‌ ಜೊತೆಗೇ ಇಟ್ಟುಕೊಳ್ಳಿ.